‘ನಾಟಕ ಜಾಸ್ತಿ ಆಯ್ತು’ ಅಂದರೆ ಏನು ತಿದ್ದಿಕೊಳ್ಳಬೇಕು?

ಪ್ರಶ್ನೆ: ನಾನು ಕಾರಟಗಿಯವನು, ವಯಸ್ಸು 31. ರೈಸ್ ಮಿಲ್ಲಿನಾಗ ಲೆಕ್ಕ ಬರೀತೀನ್ರಿ. ಹತ್ತು ವರ್ಷದಿಂದ ಸುತ್ತಲ ಊರಿನ ಜಾತ್ರಿ ನಾಟಕದಾಗ ಪಾತ್ರ ಮಾಡಕತ್ತೀನಿ. ಗೌಡ, ಖಳನಾಯಕ, ಒಮ್ಮೊಮ್ಮೆ ತಂದಿ ಪಾತ್ರ. ಧಾರಾವಾಹಿಗೆ ಎರಡು ಸಲ ಆಡಿಷನ್ ವಿಡಿಯೊ ಕಳಿಸಿದೆ. ಕಟ್ಟಿ ಮ್ಯಾಲೆ ಫೋನ್ ಇಟ್ಟು, ಹತ್ತು ಅಡಿ ದೂರ ನಿಂತು, ಗೌಡನ ಡೈಲಾಗ್ ಹೊಡೆದಿದ್ದೆ. ಎರಡೂ ಸಲ ‘ನಾಟಕ ಜಾಸ್ತಿ ಆಯ್ತು, ಭಾಷೆನೂ ಸೆಟ್ ಆಗಲ್ಲ’ ಅಂತ ಉತ್ತರ ಬಂತು. ಏನು ಬದಲಿಸಬೇಕು? ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಬೇಕೇನ್ರಿ? ರೊಕ್ಕದ ಲೆಕ್ಕ ಹೆಂಗಿರತೈತಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಕಾರಣ ಸಿಕ್ಕಿತು: ಆ ಹತ್ತು ಅಡಿ. ಅಷ್ಟು ದೂರದಿಂದ ಫೋನಿಗೆ ನಿಮ್ಮ ಇಡೀ ಮೈ ಕಾಣುತ್ತದೆ, ಮುಖ ಮಾತ್ರ ಹೆಬ್ಬೆರಳಿನ ಉಗುರಿನಷ್ಟು. ಮೈಕ್ ಇರುವುದು ಫೋನಿನ ಒಳಗೆ, ಹಾಗಾಗಿ ಮಾತು ಅಲ್ಲಿಗೆ ತಲುಪಲೆಂದು ಗೊತ್ತಿಲ್ಲದೆಯೇ ಧ್ವನಿ ಏರಿಸುತ್ತೀರಿ. ಧ್ವನಿ ಏರಿದರೆ ಕುತ್ತಿಗೆ ಬಿಗಿಯುತ್ತದೆ, ಕೈ ಮೇಲೇಳುತ್ತದೆ, ಹುಬ್ಬೂ ಏರುತ್ತದೆ. ನೋಡಿದವರಿಗೆ ‘ನಾಟಕ’ ಕಂಡಿದ್ದು ಸಹಜ. ಅದೇ ಗೌಡನನ್ನು ನಾಲ್ಕು ಅಡಿಯಿಂದ ಚಿತ್ರಿಸಿಕೊಂಡಿದ್ದರೆ ಅರ್ಧ ದೋಷ ತಾನೇ ಇಳಿಯುತ್ತಿತ್ತು.

ಉಳಿದ ಅರ್ಧವನ್ನು ಅಭ್ಯಾಸದಿಂದ ಕಳೆಯಬೇಕು. ಇಲ್ಲಿಯೇ ಹೆಚ್ಚಿನ ರಂಗಕಲಾವಿದರು ಎಡವುತ್ತಾರೆ. ‘ಕಡಿಮೆ ಮಾಡಿ’ ಅಂದ ಕೂಡಲೇ ಧ್ವನಿ, ಮುಖ, ಉಸಿರು ಎಲ್ಲವನ್ನೂ ಒಟ್ಟಿಗೆ ತಗ್ಗಿಸಿಬಿಡುತ್ತಾರೆ, ಪಾತ್ರ ಉಪ್ಪಿಲ್ಲದ ಸಾರಿನಂತಾಗುತ್ತದೆ. ಜಾತ್ರೆಯ ನಾಟಕದಲ್ಲಿ ಕೊನೆಯ ಪ್ರೇಕ್ಷಕ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ನೂರು ಅಡಿ ಆಚೆ ಕೂತಿರುತ್ತಾನೆ. ಅವನಿಗೆ ನಿಮ್ಮ ಕಣ್ಣು ಕಾಣುವುದಿಲ್ಲ, ಅದಕ್ಕೇ ಕಣ್ಣಿನ ಕೆಲಸವನ್ನು ಕೈ ಮತ್ತು ಹೆಜ್ಜೆ ಮಾಡುತ್ತವೆ. ಕ್ಯಾಮೆರಾ ಆ ಪ್ರೇಕ್ಷಕನನ್ನು ನಿಮ್ಮ ಮೂಗಿನಿಂದ ಎರಡು ಅಡಿಗೆ ತಂದು ಕೂರಿಸುತ್ತದೆ. ಗೌಡನ ಸಿಟ್ಟು ಅಷ್ಟೇ ಇರಲಿ, ಕೈಯಲ್ಲಿದ್ದುದು ಕಣ್ಣಿಗೆ ಮತ್ತು ಉಸಿರಿಗೆ ಬರಲಿ.

ನಿಮ್ಮ ಪಾತ್ರಗಳಿಗೆ ಒಪ್ಪುವ ಒಂದು ಸಾಲು ತೆಗೆದುಕೊಳ್ಳೋಣ. ಮಗ ಹೊಲ ಮಾರಲು ಹೊರಟಿದ್ದಾನೆ, ತಂದೆ ಹೇಳುತ್ತಾನೆ: ‘ಆ ಹೊಲ ಮಾರಬ್ಯಾಡಪ್ಪ. ಅದರಾಗ ನಿಮ್ಮವ್ವನ ಬೆವರೈತಿ.’ ತಾಲೀಮಿನಲ್ಲಿ ಹಾರ್ಮೋನಿಯಂ ಮಾಸ್ತರು ಇದನ್ನು ಹೇಗೆ ಕಲಿಸುತ್ತಾರೆ? ಎರಡು ಹೆಜ್ಜೆ ಮುಂದೆ, ಬಲಗೈ ಹೊಲದ ದಿಕ್ಕಿಗೆ, ‘ಮಾರಬ್ಯಾಡಪ್ಪಾ’ ಎಂದು ಕೊನೆ ಎಳೆದು, ಒಂದು ತಬಲಾ ಪೆಟ್ಟಿಗೆ ಜಾಗ ಬಿಟ್ಟು, ಆಮೇಲೆ ‘ನಿಮ್ಮವ್ವನ ಬೆವರು’. ಚಪ್ಪಾಳೆ ಬೀಳುವವರೆಗೆ ನಿಂತು ಮುಂದಿನ ಮಾತು. ರಂಗದ ಮೇಲೆ ಇದು ಸರಿ.

ಕ್ಯಾಮೆರಾ ಮುಂದೆ ಇದೇ ಸಾಲು: ನೀವು ಕೂತಿದ್ದೀರಿ, ಕೈಯಲ್ಲಿ ಚಹಾದ ಲೋಟ. ಮಗ ಮಾತು ಮುಗಿಸುತ್ತಾನೆ. ಕೂಡಲೇ ಅವನನ್ನು ನೋಡಬೇಡಿ, ಲೋಟವನ್ನೇ ನೋಡುತ್ತಿರಿ. ಲೋಟ ಕೆಳಗಿಡಿ. ಮೂಗಿನಿಂದ ಒಂದು ಉಸಿರು ತಗೊಂಡು, ಎದುರು ಕೂತವನಿಗೆ ಕೇಳುವಷ್ಟೇ ದನಿಯಲ್ಲಿ ‘ಆ ಹೊಲ ಮಾರಬ್ಯಾಡಪ್ಪ’. ಅಷ್ಟಾದ ಮೇಲೆ ಕಣ್ಣೆತ್ತಿ. ‘ನಿಮ್ಮವ್ವನ ಬೆವರೈತಿ’ ಅನ್ನುವಾಗ ರೆಪ್ಪೆ ಬಡಿಯಬೇಡಿ. ಸಿಟ್ಟು, ದುಃಖ ಎಲ್ಲವೂ ಲೋಟ ಇಡುವುದಕ್ಕೂ ಕಣ್ಣೆತ್ತುವುದಕ್ಕೂ ನಡುವಿನ ಎರಡು ಸೆಕೆಂಡಿನಲ್ಲಿವೆ. ಚಪ್ಪಾಳೆಗೆಂದು ಬಿಡುವ ಜಾಗ ಮಾತ್ರ ಬೇಡವೇ ಬೇಡ. ಅಲ್ಲಿ ತಬಲಾ ಇಲ್ಲ, ಆ ಖಾಲಿ ಜಾಗ ತೆರೆಯ ಮೇಲೆ ತೂತಿನಂತೆ ಕಾಣುತ್ತದೆ, ಎಡಿಟಿಂಗ್‌ನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ನಮ್ಮ ಸೀಮೆಗೆ ಇದು ಹೊಸ ಪಾಠವಲ್ಲ. ರಂಗನಟ ಬಳ್ಳಾರಿ ರಾಘವ ಅವರು (1880–1946) ವೃತ್ತಿಯಿಂದ ವಕೀಲರು. ಪೌರಾಣಿಕ ನಾಟಕವೆಂದರೆ ರಾಗ ತೆಗೆದು ಪದ್ಯ ಹಾಡುವುದೇ ಎಂದಿದ್ದ ಕಾಲದಲ್ಲಿ ಮಾತನ್ನು ಮಾತಾಗಿಯೇ ಆಡಬೇಕು, ಭಾವ ಮುಖದಲ್ಲಿ ಮೂಡಬೇಕು ಎಂದು ಪಟ್ಟು ಹಿಡಿದವರು. 1936ರಿಂದ 1940ರ ನಡುವೆ ಅವರು ತೆಲುಗಿನಲ್ಲಿ ಮೂರೇ ಸಿನಿಮಾ ಮಾಡಿದರು. ಅವರ ಹೆಸರು ಉಳಿದಿರುವುದು ಮುಖ್ಯವಾಗಿ ರಂಗದಿಂದ. ಆದರೂ ಕ್ಯಾಮೆರಾ ಇಂದು ಕೇಳುವ ಹದವನ್ನು ಅವರು ಪರದೆ ಎಳೆಯುವ ರಂಗದ ಮೇಲೆಯೇ ಸಾಧಿಸಿದ್ದರು. ಬಳ್ಳಾರಿಯಲ್ಲೇ 1945ರಲ್ಲಿ ಹುಟ್ಟಿದ ನಟಿ ಜಯಂತಿಯವರನ್ನು ನೋಡಿ. 1963ರ ‘ಜೇನುಗೂಡು’ ಚಿತ್ರದಿಂದ ಬಂದವರು, ನಾಯಕಿಯಾಗಿ ದಶಕಗಳು ನಡೆದು, ಆಮೇಲೆ ತಾಯಿಯ ಪಾತ್ರಗಳಲ್ಲೂ ತೆರೆಯ ಮೇಲೆ ಉಳಿದರು. ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರವನ್ನು ಒಮ್ಮೆ ಧ್ವನಿ ಪೂರ್ತಿ ಮುಚ್ಚಿ ನೋಡಿ. ಅವರ ಮುಖ ಹತ್ತಿರದಿಂದ ಕಾಣುವ ಶಾಟ್‌ಗಳಲ್ಲಿ ನಿಲ್ಲಿಸಿ, ಕಣ್ಣು ಎಲ್ಲಿಂದ ಎಲ್ಲಿಗೆ ಹೋಯಿತು, ಯಾವಾಗ ಹೋಯಿತು ಎಂದು ಬರೆದಿಟ್ಟುಕೊಳ್ಳಿ. ಹತ್ತು ಶಾಟ್ ಸಾಕು. ಮಾತು ಕೇಳದಿದ್ದರೂ ಆ ಹೆಂಗಸಿನ ಮನಸ್ಸಿನ ತೊಳಲಾಟ ನಿಮಗೆ ತಿಳಿಯುತ್ತದೆ. ನಿಮ್ಮ ವಿಡಿಯೊವನ್ನೂ ಹಾಗೆಯೇ ಧ್ವನಿ ಮುಚ್ಚಿ ಪರೀಕ್ಷಿಸಿ.

ಈಗ ವಿಡಿಯೊ. ಫೋನನ್ನು ಅಡ್ಡಲಾಗಿ, ನಿಮ್ಮ ಕಣ್ಣಿನ ಎತ್ತರಕ್ಕೆ ಇಡಿ. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ಡಬ್ಬಿ, ಪುಸ್ತಕ ಏನಾದರೂ ಆದೀತು, ಕಟ್ಟೆಯ ಮೇಲೆ ಬೇಡ. ಕೆಳಗಿನಿಂದ ತೆಗೆದ ಮುಖದಲ್ಲಿ ಮೂಗಿನ ಹೊಳ್ಳೆ, ಗದ್ದ ದೊಡ್ಡದಾಗಿ ಕಂಡು ಒಳ್ಳೆಯವನೂ ಖಳನಾಗುತ್ತಾನೆ. ಹಿಂದಿನ ಕ್ಯಾಮೆರಾ ಬಳಸಿ, 1080 ರೆಸಲ್ಯೂಷನ್ ಸಾಕು, ಫಿಲ್ಟರ್ ಬೇಡ. ನಾಲ್ಕರಿಂದ ಐದು ಅಡಿ ದೂರ ನಿಂತು ತಲೆಯಿಂದ ಎದೆಯವರೆಗೆ ಕಾಣುವಂತೆ ಮಾಡಿ. ಬೆಳಗಿನ ಒಂಬತ್ತು ಗಂಟೆಯ ಕಿಟಕಿ ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ, ಬೆನ್ನ ಹಿಂದೆ ಕಿಟಕಿ ಇರಬಾರದು. ಹಿಂದಿನ ಗೋಡೆ ಖಾಲಿ ಇರಲಿ, ಕ್ಯಾಲೆಂಡರ್ ತೆಗೆದುಬಿಡಿ.

ನಮ್ಮ ಕಡೆಯ ಮನೆಗಳಲ್ಲಿ ಬಂಡೆಗಲ್ಲಿನ ನೆಲ, ಸಿಮೆಂಟ್ ಗೋಡೆ. ದನಿ ಬಾವಿಯೊಳಗಿನಂತೆ ಮೊಳಗುತ್ತದೆ. ಅದಕ್ಕೆ ಸುಲಭದ ಮದ್ದು ಕೌದಿ. ಫೋನಿನ ಹಿಂದೆ ಒಂದು ದಪ್ಪ ಕೌದಿ ಹಗ್ಗಕ್ಕೆ ಹಾಕಿ, ಇನ್ನೊಂದನ್ನು ನೆಲಕ್ಕೆ ಹಾಸಿ. ಮೊಳಗು ತುಂಬ ಇಳಿಯುತ್ತದೆ. ಫ್ಯಾನ್ ಆರಿಸಿ. ಬೇಸಿಗೆಯಲ್ಲಿ ಕಷ್ಟ, ಆದರೂ ಆರಿಸಲೇಬೇಕು. ಬೆವರು ಬಂದರೆ ಒಂದು ಟೇಕ್ (ಒಂದು ಸಲದ ಚಿತ್ರೀಕರಣ) ಮುಗಿದು ಇನ್ನೊಂದು ಶುರುವಾಗುವ ನಡುವೆ ಒರೆಸಿಕೊಳ್ಳಿ.

ಮೊದಲ 20 ಸೆಕೆಂಡು ಪರಿಚಯ: ಹೆಸರು, ವಯಸ್ಸು, ಎತ್ತರ, ಊರು, ಬರುವ ಭಾಷೆಗಳು. ಎಡ ಬಲ ಮುಖ ತಿರುಗಿಸಿ ತೋರಿಸಿ. ಆಮೇಲೆ ಒಂದು ನಿಮಿಷ ಅಭಿನಯ. ಎದುರು ಪಾತ್ರದ ಮಾತು ಹೇಳಲು ಮನೆಯವರೊಬ್ಬರನ್ನು ಫೋನಿನ ಪಕ್ಕಕ್ಕೇ, ಲೆನ್ಸಿನಿಂದ ಒಂದು ಗೇಣು ಆಚೆ ಕೂರಿಸಿ, ಅವರ ಕಣ್ಣು ನೋಡಿ ಮಾತಾಡಿ. ಅವರು ಸಪ್ಪೆಯಾಗಿ ಓದಿದರೂ ಚಿಂತೆಯಿಲ್ಲ, ಜೋರಾಗಿ ಓದಬಾರದು, ಅವರು ಮೈಕಿಗೆ ಹತ್ತಿರ ಇರುತ್ತಾರೆ. ಪರಿಚಯ ಹೇಳುವಾಗ ಮಾತ್ರ ಲೆನ್ಸ್ ನೋಡಿ. ಗೌಡನ ಪಾತ್ರ ಎಂದು ಮೀಸೆ ಅಂಟಿಸಿ, ರುಮಾಲು ಸುತ್ತಿ ಕಳಿಸಬೇಡಿ. ಅವರಿಗೆ ಬೇಕಾದುದು ನಿಮ್ಮ ಮುಖ. ಸಣ್ಣ ಗೆರೆಯ ಅಂಗಿ ತೆರೆಯ ಮೇಲೆ ಅಲುಗಾಡಿದಂತೆ ಕಾಣುತ್ತದೆ, ಅಚ್ಚ ಬಿಳಿ ಅಂಗಿ ಮುಖವನ್ನು ಕಪ್ಪಾಗಿಸುತ್ತದೆ. ಒಂದೇ ಬಣ್ಣದ ಅಂಗಿ ಒಳ್ಳೆಯದು. ವಾಟ್ಸ್ಯಾಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಫೈಲಿಗೆ ನಿಮ್ಮ ಹೆಸರು, ವಯಸ್ಸು, ಊರು ಹಾಕಿ.

ಭಾಷೆಯ ಮಾತು. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಕೊಪ್ಪಳ, ರಾಯಚೂರು ಕಡೆಯ ಒಳ್ಳೊಳ್ಳೆಯ ಕಲಾವಿದರು ಇದೊಂದು ಮಾತಿಗೆ ಕುಗ್ಗಿ ಹಿಂದೆ ಸರಿಯುತ್ತಾರೆ. ‘ಸೆಟ್ ಆಗಲ್ಲ’ ಎಂದರೆ ನಿಮ್ಮ ಕನ್ನಡ ಕೆಟ್ಟದ್ದು ಎಂದಲ್ಲ. ಕಥೆಯ ಮನೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದೆ. ಅಣ್ಣ ಒಂದು ಭಾಷೆ, ತಮ್ಮ ಇನ್ನೊಂದು ಭಾಷೆ ಆಡಿದರೆ ನೋಡುವವರು ನಂಬುವುದಿಲ್ಲ. ನೀವು ತಿದ್ದಬೇಕಾದ ಜಾಗ ಮೂರೇ. ಒಂದು, ಪದದ ಕೊನೆ: ನಮ್ಮಲ್ಲಿ ಮನಿ, ತಂದಿ, ಕುದುರಿ, ಅಲ್ಲಿ ಮನೆ, ತಂದೆ, ಕುದುರೆ. ಎರಡು, ಕ್ರಿಯಾಪದ: ಬರ್ತಾನ, ಮಾಡಕತ್ತೀನಿ, ಐತಿ, ಅಲ್ಲಿ ಬರ್ತಾನೆ, ಮಾಡ್ತಿದ್ದೀನಿ, ಇದೆ. ಮೂರು, ವಾಕ್ಯದ ರಾಗ: ನಾವು ಕೊನೆಯನ್ನು ಎಳೆಯುತ್ತೇವೆ. ಮೊದಲೆರಡನ್ನು ಹೆಚ್ಚಿನವರು ಒಂದು ತಿಂಗಳಲ್ಲಿ ಕಲಿಯುತ್ತಾರೆ, ಮೂರನೆಯದು ಉಳಿದುಬಿಡುತ್ತದೆ. ಆಗ ಪದ ಬೆಂಗಳೂರಿನದು, ರಾಗ ಕಾರಟಗಿಯದು ಆಗಿ ಮಾತು ಪಾಠ ಒಪ್ಪಿಸಿದಂತೆ ಕೇಳಿಸುತ್ತದೆ.

ಅಭ್ಯಾಸ ಹೀಗಿರಲಿ. ದಿನಕ್ಕೆ 15 ನಿಮಿಷ. ಪತ್ರಿಕೆಯ ಒಂದು ಸುದ್ದಿಯನ್ನು ಮೊದಲು ನಿಮ್ಮ ಮಾತಿನಲ್ಲಿ ಗೆಳೆಯನಿಗೆ ಹೇಳಿದಂತೆ ಹೇಳಿ, ರೆಕಾರ್ಡ್ ಮಾಡಿ. ‘ಅಪ್ಪ ಇನ್ನಾ ಮನಿಗೆ ಬಂದಿಲ್ಲ, ನಾ ಹುಡುಕಾಕ ಹೊಂಟೀನಿ’ ಅನ್ನುವ ರೀತಿ. ಕೂಡಲೇ ಅದನ್ನೇ ‘ಅಪ್ಪ ಇನ್ನೂ ಮನೆಗೆ ಬಂದಿಲ್ಲ, ನಾನು ಹುಡುಕೋಕೆ ಹೋಗ್ತಿದ್ದೀನಿ’ ಎಂದು ಹೇಳಿ. ಮೊದಲ ಸಲದ ಸಲೀಸು ಎರಡನೆಯದರಲ್ಲೂ ಇರಬೇಕು. ಕೇಳುವಾಗ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಗಮನಿಸಿ. ಒಂದು ಅನುಕೂಲ ನಿಮಗೆ ಆಗಲೇ ಇದೆ: ನಮ್ಮ ಕಡೆಯವರ ‘ಹ’ಕಾರ ಗಟ್ಟಿ, ‘ಹಾಲು’ ‘ಆಲು’ ಆಗುವುದಿಲ್ಲ.

ಹಾಗೆಂದು ನಿಮ್ಮ ಮಾತನ್ನು ಬಚ್ಚಿಡಬೇಡಿ. ಪ್ರತಿ ಆಡಿಷನ್ನಿಗೆ ಎರಡು ತುಣುಕು ಕಳಿಸಿ, ಒಂದು ಅವರ ಭಾಷೆಯಲ್ಲಿ, ಒಂದು ಅಪ್ಪಟ ಕೊಪ್ಪಳದ ಭಾಷೆಯಲ್ಲಿ. ಉತ್ತರ ಕರ್ನಾಟಕದ ಕಥೆ ಬಂದಾಗ ಬೇಕಾದವರು ನೀವೇ. ಅಂಥ ಕಥೆಗಳಲ್ಲಿ ಧಾರವಾಡದ ಮಾತು, ರಾಯಚೂರಿನ ಮಾತು ಕಲಸಿಹೋಗುವುದು, ಪ್ರತಿ ವಾಕ್ಯಕ್ಕೆ ಒಂದು ‘ಲೇ’, ಒಂದು ‘ರೀ’ ಅಂಟಿಸಿ ಮುಗಿಸುವುದು ಸಾಮಾನ್ಯ. ನಮ್ಮ ಜನ ಅದನ್ನು ನೋಡಿ ಮುಖ ಸಿಂಡರಿಸುತ್ತಾರೆ, ಆ ಬೇಸರ ನ್ಯಾಯವಾದುದೇ. ಸಂಭಾಷಣೆಯಲ್ಲಿ ತಪ್ಪು ಕಂಡರೆ ಅಸೋಸಿಯೇಟ್ ಡೈರೆಕ್ಟರಿಗೆ ದೃಶ್ಯದ ತಯಾರಿ ನಡೆಯುವಾಗಲೇ ‘ಸರ್, ನಮ್ಮ ಕಡೆ ಹೀಗಂತಾರೆ, ಹೇಳಲಾ?’ ಎಂದು ಕೇಳಿ. ಟೇಕ್‌ನಲ್ಲಿ ನೀವಾಗಿ ಬದಲಿಸಿದರೆ ಎದುರಿನವರ ಕ್ಯೂ (ಅವರು ಮಾತು ಶುರು ಮಾಡಲು ಕಾಯುವ ಪದ) ತಪ್ಪುತ್ತದೆ.

ಪಾತ್ರ ಸಿಕ್ಕು ಸೆಟ್ಟಿಗೆ ಹೋದ ದಿನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ‘ಮಾನಿಟರ್’ ಎಂದರೆ ಟಿವಿ ಅಲ್ಲ, ಟೇಕ್‌ಗೆ ಮುಂಚಿನ ಕೊನೆಯ ತಾಲೀಮು. ಧ್ವನಿಯ ಮಟ್ಟ ನಿಗದಿಯಾಗುವುದು ಆಗಲೇ. ಮಾನಿಟರ್‌ನಲ್ಲಿ ಗೊಣಗಿ ಟೇಕ್‌ನಲ್ಲಿ ಒದರಿದರೆ ಧ್ವನಿ ಒಡೆದು ಟೇಕ್ ಹಾಳಾಗುತ್ತದೆ. ಮೈಕನ್ನು ಅಂಗಿಯೊಳಗೆ ಎದೆಯ ಹತ್ತಿರ ಸಿಗಿಸಿರುತ್ತಾರೆ, ಆದ್ದರಿಂದ ಗೌಡನ ಪಾತ್ರದ ರೂಢಿಯಂತೆ ಎದೆ ತಟ್ಟಿಕೊಳ್ಳಬೇಡಿ. ಗಂಜಿ ಹಾಕಿದ ಅಂಗಿಯೂ ಸರಸರ ಎನ್ನುತ್ತದೆ. ಶಾಟ್‌ಗೆ ಮುಂಚೆ ‘ಸರ್, ಫ್ರೇಮ್ ಎಲ್ಲಿತನಕ?’ ಎಂದು ಕೇಳಲು ಸಂಕೋಚ ಬೇಡ. ವೈಡ್ (ಮೈ ಪೂರ್ತಿ ಕಾಣುವ ಶಾಟ್) ಇದ್ದರೆ ಕೈಗೆ ಅವಕಾಶವಿದೆ, ಕ್ಲೋಸ್ (ಮುಖ ಮಾತ್ರ) ಇದ್ದರೆ ತಲೆ ನಾಲ್ಕು ಬೆರಳು ಅಲುಗಿದರೂ ಫೋಕಸ್ ಹೋಗಬಹುದು. ನೆಲದ ಮೇಲೆ ಟೇಪಿನ ಗುರುತು ಇರುತ್ತದೆ. ಅದನ್ನು ನೋಡಿಕೊಂಡು ನಡೆದರೆ ಕಣ್ಣು ಕೆಳಗಿಳಿದದ್ದು ತೆರೆಯ ಮೇಲೆ ಗೊತ್ತಾಗುತ್ತದೆ. ಮೊದಲೇ ಗುರುತಿನ ಮೇಲೆ ನಿಂತು, ಹೊರಡುವ ಜಾಗಕ್ಕೆ ಹಿಮ್ಮುಖವಾಗಿ ಹೆಜ್ಜೆ ಎಣಿಸಿಕೊಂಡು ಹೋಗಿ. ಐದು ಹೆಜ್ಜೆ ಬಂದರೆ ಟೇಕ್‌ನಲ್ಲೂ ಐದೇ ಹೆಜ್ಜೆ.

ಇನ್ನು ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ಗೂ ಇನ್ನೊಂದಕ್ಕೂ ಹೊಂದಿಕೆ. ಮೇಲಿನ ದೃಶ್ಯವನ್ನೇ ವೈಡ್‌ನಲ್ಲಿ ಒಮ್ಮೆ, ಮಗನ ಭುಜದ ಮೇಲಿನಿಂದ ಸಜೆಷನ್‌ನಲ್ಲಿ ಒಮ್ಮೆ, ಕ್ಲೋಸ್‌ನಲ್ಲಿ ಒಮ್ಮೆ ತೆಗೆಯಬಹುದು. ಲೋಟ ಬಲಗೈಯಲ್ಲಿತ್ತು, ‘ಆ ಹೊಲ’ ಅನ್ನುವ ಮುಂಚೆಯೇ ಕೆಳಗಿಟ್ಟಿರಿ ಎಂದಾದರೆ ಮೂರು ಸಲವೂ ಹಾಗೆಯೇ ಆಗಬೇಕು. ಇಲ್ಲದಿದ್ದರೆ ಜೋಡಿಸಿದಾಗ ಲೋಟ ಹಾರಿದಂತೆ ಕಾಣುತ್ತದೆ, ನಿಮ್ಮ ಅತ್ಯುತ್ತಮ ಟೇಕ್ ಬಿಟ್ಟು ಕೈ ಹೊಂದುವ ಟೇಕ್ ಹಾಕುತ್ತಾರೆ. ಅದಕ್ಕೇ ಮೊದಲ ಟೇಕ್‌ನಲ್ಲಿ ಕೈಗೆ ಕಡಿಮೆ ಕೆಲಸ ಕೊಡಿ, ನೆನಪಿಡುವುದು ಸುಲಭ. ಧಾರಾವಾಹಿಯಲ್ಲಿ ಎರಡು ಮೂರು ಕ್ಯಾಮೆರಾ ಒಟ್ಟಿಗೆ ಇಡುವುದರಿಂದ ಪುನರಾವರ್ತನೆ ಕಡಿಮೆ, ಆದರೆ ಅಲ್ಲಿ ಅವಸರ ಹೆಚ್ಚು. ಸುಮಾರು 22 ನಿಮಿಷದ ಒಂದು ಕಂತಿನಷ್ಟು ಕೆಲಸ ಒಂದೇ ದಿನದಲ್ಲಿ ಮುಗಿಯಬೇಕಾಗುತ್ತದೆ. ಸಂಭಾಷಣೆಯ ಹಾಳೆ ದೃಶ್ಯಕ್ಕೆ ಅರ್ಧ ಗಂಟೆ ಮುಂಚೆ ಕೈಗೆ ಬಂದರೂ ಆಶ್ಚರ್ಯವಿಲ್ಲ. ತಿಂಗಳುಗಟ್ಟಲೆ ತಾಲೀಮು ಮಾಡಿದವರಿಗೆ ಇದೇ ದೊಡ್ಡ ಪೆಟ್ಟು. ಎರಡು ಪುಟವನ್ನು 20 ನಿಮಿಷದಲ್ಲಿ ಬಾಯಿಪಾಠ ಮಾಡುವ ಅಭ್ಯಾಸವನ್ನು ಈಗಲೇ ಶುರು ಮಾಡಿ. ಮೊದಲು ಎದುರಿನವರ ಮಾತಿನ ಕೊನೆಯ ಪದಗಳನ್ನು ಕಲಿಯಿರಿ, ನಿಮ್ಮ ಮಾತು ಅದಕ್ಕೆ ಜೋತುಬಿದ್ದು ಬರುತ್ತದೆ.

ಕೆಲಸ ಬಿಡಬೇಕೇ ಎಂದರೆ, ಈಗ ಬೇಡ. ಪೋಷಕ ಪಾತ್ರಕ್ಕೆ ದಿನದ ಲೆಕ್ಕದಲ್ಲಿ ಹಣ. ಒಂದು ತಿಂಗಳು 4 ದಿನ ಕರೆಯಬಹುದು, ಇನ್ನೊಂದು ತಿಂಗಳು 14 ದಿನ. ಲೆಕ್ಕಕ್ಕೆಂದು ದಿನಕ್ಕೆ 2,500 ರೂಪಾಯಿ, ತಿಂಗಳಿಗೆ 6 ದಿನ ಎಂದಿಟ್ಟುಕೊಳ್ಳಿ: 15,000. ವರ್ಷದ ಮಿತಿ ದಾಟಿದರೆ 10% ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುತ್ತಾರೆ, ಕೈಗೆ 13,500. ಪ್ಯಾನ್ ಸಂಖ್ಯೆ ಕೊಡದಿದ್ದರೆ 20% ಹಿಡಿಯುತ್ತಾರೆ, ಕೈಗೆ 12,000. ಪ್ಯಾನ್ ಕೊಟ್ಟಿದ್ದು, ನಿಮ್ಮ ವರ್ಷದ ಒಟ್ಟು ಆದಾಯಕ್ಕೆ ತೆರಿಗೆ ಬೀಳದಿದ್ದರೆ, ಹಿಡಿದದ್ದನ್ನು ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಲೆಕ್ಕ ಬರೆಯುವ ನಿಮಗೆ ಅದು ಕಷ್ಟವಲ್ಲ. ಆರು ದಿನವನ್ನು ಎರಡು ಕಂತಿನಲ್ಲಿ ಕರೆದರೆ ಎರಡು ಸಲ ಪ್ರಯಾಣ, ಏಳೆಂಟು ರಾತ್ರಿ ವಸತಿ. ಹಣ ಅದೇ ತಿಂಗಳು ಬರುವುದೂ ಅಪರೂಪ, ಒಂದೂವರೆ ಎರಡು ತಿಂಗಳು ಕಾಯಬೇಕಾಗಬಹುದು. ಪ್ರತಿ ವಾರ ರೇಟಿಂಗ್ ಬರುತ್ತದೆ, ಕಥೆಯ ದಾರಿ ಬದಲಾದರೆ ನಿಮ್ಮ ಪಾತ್ರ ‘ಊರಿಗೆ ಹೋಗಿದ್ದಾನೆ’ ಎಂಬ ಒಂದು ಮಾತಿನಲ್ಲಿ ಮುಗಿಯಬಹುದು.

ಹಾಗಾಗಿ ಆರು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಇಲ್ಲದೆ, ಒಂದು ಪಾತ್ರದ ಒಪ್ಪಂದ ಕೈಯಲ್ಲಿ ಇಲ್ಲದೆ ಮಿಲ್ಲಿನ ಕೆಲಸ ಬಿಡಬೇಡಿ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಎರಡು ಮೂರು ದಿನದ ಪಾತ್ರಗಳನ್ನು ಊರಲ್ಲಿದ್ದೇ ನಿಭಾಯಿಸಬಹುದು. ಭತ್ತ ಬರುವ ಹಂಗಾಮಿನಲ್ಲಿ ರಜೆ ಸಿಗುವುದಿಲ್ಲ ಎಂದಾದರೆ ಡೇಟ್ಸ್ (ನೀವು ಬರಬಲ್ಲ ದಿನಗಳು) ಕೇಳುವ ಮ್ಯಾನೇಜರಿಗೆ ಮೊದಲೇ ಹೇಳಿ. ಒಪ್ಪಿಕೊಂಡು ಕೊನೆಗಳಿಗೆಯಲ್ಲಿ ತಪ್ಪಿಸಿದವರನ್ನು ಮತ್ತೆ ಕರೆಯುವುದಿಲ್ಲ.

ಒಪ್ಪಂದದಲ್ಲಿ ನಾಲ್ಕು ವಿಷಯ ನೋಡಿ: ದಿನದ ಸಂಭಾವನೆ, ಎಷ್ಟು ದಿನಕ್ಕೆ ಪಾವತಿ, ಪ್ರಯಾಣ ಮತ್ತು ಬಾಟಾ (ದಿನದ ಖರ್ಚಿನ ಭತ್ಯೆ) ಯಾರದು, ಬೇರೆ ಕಡೆ ನಟಿಸಬಹುದೇ. ಕೂದಲು, ಮೀಸೆ ಬದಲಿಸಬಾರದೆಂಬ ಷರತ್ತೂ ಇರಬಹುದು. ಜಾತ್ರೆಯ ನಾಟಕಕ್ಕೆಂದು ಮೀಸೆ ಬೋಳಿಸಿದರೆ ಮರುದಿನದ ಶೂಟಿಂಗ್ ನಿಲ್ಲುತ್ತದೆ. ದಿನವೂ ಎಷ್ಟು ಗಂಟೆಗೆ ಬಂದಿರಿ, ಎಷ್ಟಕ್ಕೆ ಬಿಟ್ಟರು, ಎಷ್ಟು ದೃಶ್ಯ ಎಂದು ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ, ಹಣ ಕೇಳುವಾಗ ಅದೇ ಆಧಾರ.

ಲಾಡ್ಜಿನಲ್ಲಿ ಕೋಣೆ ಹಿಡಿದು ಚಾನೆಲ್‌ನ ಹೆಸರು ಹೇಳಿ ‘ಆಡಿಷನ್’ ಮಾಡಿ, ನೋಂದಣಿಗೆ ಇಷ್ಟು, ಫೋಟೊಗೆ ಇಷ್ಟು, ಕಾರ್ಡಿಗೆ ಇಷ್ಟು ಎಂದು ವಸೂಲಿ ಮಾಡುವವರು ಬಳ್ಳಾರಿ, ರಾಯಚೂರಿನಂಥ ಊರುಗಳನ್ನು ಹುಡುಕಿಕೊಂಡು ಬರುತ್ತಾರೆ. ಪಾತ್ರ ಕೊಡುವವರು ನಿಮಗೆ ಹಣ ಕೊಡುತ್ತಾರೆ, ನಿಮ್ಮಿಂದ ಪಡೆಯುವುದಿಲ್ಲ. ಫೋಟೊ ಊರಿನ ಸ್ಟುಡಿಯೊದಲ್ಲೇ ತೆಗೆಸಿ: ಮುಖದ್ದು, ಅರ್ಧ ಮೈಯದು, ಪೂರ್ಣ ಮೈಯದು, ಎಡ ಬಲ ಪಕ್ಕದ್ದು. ಸ್ಟುಡಿಯೊದವರು ಚರ್ಮ ನುಣುಪು ಮಾಡಲು ಹೊರಟರೆ ಬೇಡವೆನ್ನಿ.

ತರಬೇತಿ ಬೇಕೆನಿಸಿದರೆ ಹೆಗ್ಗೋಡಿನ ನೀನಾಸಂ, ಸಾಣೇಹಳ್ಳಿಯ ರಂಗಶಾಲೆ ಗಟ್ಟಿ ಜಾಗಗಳು. ಆದರೆ ಅಲ್ಲೇ ಉಳಿದು ಕಲಿಯುವ ದೀರ್ಘ ಕೋರ್ಸು ಮಿಲ್ಲಿನ ಕೆಲಸದ ಜೊತೆಗೆ ಆಗುವುದಿಲ್ಲ, ಅವು ಕಲಿಸುವುದೂ ಮುಖ್ಯವಾಗಿ ರಂಗವನ್ನೇ. ಹತ್ತು ವರ್ಷ ರಂಗದ ಮೇಲಿದ್ದ ನಿಮಗೆ ಈಗ ಹೆಚ್ಚು ಉಪಯೋಗ ಕಿರುಚಿತ್ರಗಳಿಂದ. ಕೊಪ್ಪಳ, ಗಂಗಾವತಿ, ಸಿಂಧನೂರಿನಲ್ಲಿ ಕಿರುಚಿತ್ರ ಮಾಡುವ ಹುಡುಗರನ್ನು ಹುಡುಕಿ, ಸಂಭಾವನೆಯ ಬದಲು ನಿಮ್ಮ ದೃಶ್ಯಗಳ ಪ್ರತಿ ಕೊಡಬೇಕೆಂದು ಮಾತಾಡಿಕೊಂಡು ಮೂರು ನಾಲ್ಕು ಚಿತ್ರ ಮಾಡಿ. ಆ ದೃಶ್ಯಗಳಿಂದ ಆಯ್ದ ಒಂದೂವರೆ ನಿಮಿಷ ನಿಮ್ಮ ಮುಂದಿನ ಪರಿಚಯಪತ್ರ.

ನಾಟಕ ಬಿಡಬೇಡಿ. ಆಡಿದ ಪ್ರತಿ ನಾಟಕದ ಹ್ಯಾಂಡ್‌ಬಿಲ್ಲನ್ನು ದಿನಾಂಕದೊಂದಿಗೆ ಒಂದು ಫೈಲಿನಲ್ಲಿ ಇಡಿ. ಮುಂದೆ ಸರ್ಕಾರದ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಾಕುವಾಗ ಎಷ್ಟು ವರ್ಷ ದುಡಿದಿರಿ ಎಂಬುದಕ್ಕೆ ದಾಖಲೆ ಕೇಳುತ್ತಾರೆ. ಮೂರನೆಯ ವಿಡಿಯೊಗೆ ಗೌಡನನ್ನು ಬಿಟ್ಟು ತಂದೆಯ ಪಾತ್ರ ಆರಿಸಿಕೊಳ್ಳಿ, ಕೂತೇ ಮಾಡಿ. ಕಳಿಸಿದ ಮೇಲೆ ಹತ್ತು ದಿನ ಸುಮ್ಮನಿರಿ. ಉತ್ತರ ಬಾರದಿದ್ದರೆ ಒಮ್ಮೆ ಮಾತ್ರ ನೆನಪಿಸಿ, ಅದೂ ಹೊಸದೊಂದು ತುಣುಕಿನ ಜೊತೆಗೆ.